ಪ್ರೊಮೀಥಿಯಸ್ ಮೊದಲೋ, ಏಲಿಯನ್ ಮೊದಲೋ, ಎರಡೂ ಬೇಡವೋ?

"ಪ್ರೊಮೀಥಿಯಸ್ ನೋಡಬಹುದಾ ಸಾರ್? ಒಬ್ಬರು ಸೂಪರ್ ಅಂತಾರೆ, ಇನ್ನೊಬ್ಬರು ಟೈಮ್ ವೇಸ್ಟ್ ಅಂತಾರೆ." 'ಏಲಿಯನ್' ಸಾಲಿಗೆ ಸೇರಿದ ಈ ಇಂಗ್ಲಿಷ್ ಅಂತರಿಕ್ಷ ಸಿನಿಮಾ ಬಂದಿದ್ದು 2012ರಲ್ಲಿ. ಈ ಜಗಳ ಮಾತ್ರ ಇನ್ನೂ ಮುಗಿದಿಲ್ಲ. 2024ರಲ್ಲಿ 'ಏಲಿಯನ್: ರೋಮ್ಯುಲಸ್' ಬಂತು, 2025ರಲ್ಲಿ 'ಏಲಿಯನ್: ಅರ್ತ್' ಸರಣಿ ಬಂತು. ಅವನ್ನು ನೋಡಿದ ಕಾಲೇಜು ಹುಡುಗರು ಈಗ ಶುರುವಿನಿಂದ ನೋಡೋಣ ಅಂತ ಹೊರಡುತ್ತಾರೆ. ಆದರೆ ಶುರು ಯಾವುದು? ಮೊದಲು ಬಂದ ಸಿನಿಮಾ ಒಂದು, ಕತೆಯಲ್ಲಿ ಮೊದಲು ನಡೆಯುವ ಸಿನಿಮಾ ಇನ್ನೊಂದು.

'ಕಾಂತಾರ' ನೋಡಿದವರಿಗೆ ಇದು ಹೊಸದಲ್ಲ. 2022ರಲ್ಲಿ ಒಂದು ಸಿನಿಮಾ, ಅದಕ್ಕಿಂತ ಎಷ್ಟೋ ಹಿಂದಿನ ಕಾಲದ ಕತೆ ಹೇಳುವ 'ಚಾಪ್ಟರ್ 1' 2025ರಲ್ಲಿ. ಏಲಿಯನ್ ವಿಷಯದಲ್ಲೂ ಹೀಗೇ ಆಯಿತು. ನಿರ್ದೇಶಕ ರಿಡ್ಲಿ ಸ್ಕಾಟ್ 1979ರಲ್ಲಿ 'ಏಲಿಯನ್' ಮಾಡಿದರು. 33 ವರ್ಷ ಆದ ಮೇಲೆ ಅವರೇ ವಾಪಸ್ ಬಂದು ಅದರ ಪ್ರೀಕ್ವೆಲ್ ಆಗಿ 'ಪ್ರೊಮೀಥಿಯಸ್' ಮಾಡಿದರು. ನಡುವೆ ಬೇರೆಯವರು ಮಾಡಿದ ಮೂರು ಮುಂದುವರಿದ ಭಾಗಗಳೂ ಬಂದು ಹೋಗಿದ್ದವು.

ಕತೆಯೊಳಗಿನ ಇಸವಿ ಹೀಗಿದೆ: ಪ್ರೊಮೀಥಿಯಸ್ 2093, ಕವನೆಂಟ್ (ಪ್ರೊಮೀಥಿಯಸ್‌ನ ಮುಂದಿನ ಭಾಗ) 2104, ಅರ್ತ್ 2120, ಏಲಿಯನ್ 2122, ರೋಮ್ಯುಲಸ್ 2142, ಏಲಿಯನ್ಸ್ (ಏಲಿಯನ್‌ನ ಎರಡನೇ ಭಾಗ) 2179. ಈ ಪಟ್ಟಿ ನೋಡಿದ ತಕ್ಷಣ ಮೇಲಿಂದ ಕೆಳಗೆ ನೋಡಿಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೀರಿ.

ಕೊನೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಡುವಿನ ಕೆಲವು ದೃಶ್ಯಗಳ ಮಾತು ಬರುತ್ತದೆ. ಅದೂ ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ, 1979ರ 'ಏಲಿಯನ್' ಹಾಕಿಕೊಂಡು ಕೂತುಬಿಡಿ.

ಮೊದಲು ಏನು ನೋಡಿಕೊಳ್ಳಬೇಕು

ಯಾವುದು ಒಳ್ಳೇ ಸಿನಿಮಾ ಅಂತ ಕೇಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಕೆಲವಿವೆ.

ನಿಮಗೆ ಬೇಕಿರುವುದು ಭಯವೋ, ಪ್ರಶ್ನೆಯೋ? ಇದೇ ಎಲ್ಲಕ್ಕಿಂತ ಮುಖ್ಯ. 'ಏಲಿಯನ್' ಹೆದರಿಸುವುದಕ್ಕೇ ಮಾಡಿದ ಸಿನಿಮಾ. ಏಳು ಜನ, ಒಂದು ಅಂತರಿಕ್ಷ ಹಡಗು, ಒಳಗೆ ಸೇರಿಕೊಂಡ ಒಂದು ಪ್ರಾಣಿ, ಅಷ್ಟೇ. 'ಪ್ರೊಮೀಥಿಯಸ್' ಕೇಳುವುದು ಬೇರೆ: ಮನುಷ್ಯರನ್ನು ಮಾಡಿದವರು ಯಾರು? ಮಾಡಿ ಯಾಕೆ ಬಿಟ್ಟುಹೋದರು? ಜನರ ಅಭಿಪ್ರಾಯ ಇಷ್ಟು ಸೀಳಿಹೋಗಲು ನನ್ನ ಪ್ರಕಾರ ಕಾರಣ ಇದೇ. ಪ್ರಾಣಿ ನೋಡಲು ಬಂದವರಿಗೆ ಪ್ರಶ್ನೆ ಸಿಕ್ಕಿತು.

ಪಾತ್ರಗಳು ಪೆದ್ದುತನ ಮಾಡಿದರೆ ಸಹಿಸಿಕೊಳ್ಳುತ್ತೀರಾ? ಇದಕ್ಕೆ 'ಇಲ್ಲ' ಅನ್ನುವವರಿಗೆ ಪ್ರೊಮೀಥಿಯಸ್ ಕಷ್ಟ.

ರಕ್ತ ನೋಡಲು ಆಗುತ್ತದಾ? ಎರಡೂ ಸಿನಿಮಾಗೆ ಅಮೆರಿಕದಲ್ಲಿ 'ಆರ್' ದರ್ಜೆ ಕೊಟ್ಟಿದ್ದಾರೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥವಲ್ಲ.

ಇನ್ನು ಸಮಯ. ಏಲಿಯನ್ 117 ನಿಮಿಷ, ಪ್ರೊಮೀಥಿಯಸ್ 124. ಎರಡೂ ಸೇರಿದರೆ ನಾಲ್ಕು ಗಂಟೆ. 122 ನಿಮಿಷದ ಕವನೆಂಟ್ ಸೇರಿಸಿದರೆ ಆರು ಗಂಟೆ ದಾಟುತ್ತದೆ. ಒಂದು ಶನಿವಾರ ರಾತ್ರಿಗೆ ಎರಡೇ ಜಾಸ್ತಿ.

ನಮ್ಮ ಮಹಡಿ ಮೇಲಿನ ಜನ ಏನಂದರು

ಮೈಸೂರು ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ಆಗಾಗ ಶನಿವಾರ ರಾತ್ರಿ ಪ್ರೊಜೆಕ್ಟರ್ ಹಾಕುತ್ತೇವೆ. ಬಿಳಿ ಗೋಡೆ, ಒಂದು ಚಾಪೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಪಾತ್ರೆ ತುಂಬ ಚುರುಮುರಿ. ವಿಮರ್ಶಕರಿಗಿಂತ ಇಲ್ಲಿ ಕೂತವರ ಮಾತೇ ನಿಮಗೆ ಉಪಯೋಗಕ್ಕೆ ಬರಬಹುದು. ಯಾಕೆಂದರೆ ಒಬ್ಬೊಬ್ಬರೂ ತಮ್ಮ ಕೆಲಸದ ಕಣ್ಣಲ್ಲಿ ನೋಡುತ್ತಾರೆ.

ನಮ್ಮ ಭಾಮೈದ ಮಂಡ್ಯದಲ್ಲಿ ಸರ್ವೇಯರ್. ಪೋಡಿ, ಹದ್ದುಬಸ್ತು ಅಂತ ದಿನವಿಡೀ ಹೊಲಗಳಲ್ಲಿ ತಿರುಗುವವನು. ಪ್ರೊಮೀಥಿಯಸ್‌ನಲ್ಲಿ ಒಬ್ಬ ಭೂವಿಜ್ಞಾನಿ ಇದ್ದಾನೆ. ಗುಹೆಯೊಳಗೆ ಹಾರುವ ಪುಟ್ಟ ಯಂತ್ರಗಳನ್ನು ಬಿಡುತ್ತಾನೆ. ಅವು ಕೆಂಪು ಬೆಳಕು ಚೆಲ್ಲುತ್ತಾ ಇಡೀ ಗುಹೆಯ ನಕ್ಷೆ ಮಾಡುತ್ತವೆ. ಆಮೇಲೆ ವಾಪಸ್ ಹೋಗುವಾಗ ದಾರಿ ತಪ್ಪುವವನು ಅವನೇ! ಭಾಮೈದ ಎದ್ದು ನಿಂತುಬಿಟ್ಟ. "ಏನ್ ಭಾವ ಇದು, ನಕ್ಸೆ ಮಾಡ್ದೋನೇ ದಾರಿ ತಪ್ಪುಸ್ಕೊಂಡ್ರೆ ಹೆಂಗೆ? ನಾನ್ ಹಿಂಗ್ ಮಾಡಿದ್ರೆ ಊರೋರು ಬಿಟ್ಟಾರಾ?" ಅದಾದ ಹತ್ತು ನಿಮಿಷಕ್ಕೆ ಅದೇ ಗುಂಪಿನ ಜೀವಶಾಸ್ತ್ರಜ್ಞನ ಮುಂದೆ ಬಿಳೀ ಹಾವಿನಂಥದ್ದೊಂದು ನೀರಿಂದ ಎದ್ದು ನಿಲ್ಲುತ್ತದೆ. ಹೆಡೆ ಬಿಚ್ಚುತ್ತದೆ. ಈ ಪುಣ್ಯಾತ್ಮ ಮುದ್ದು ಮಾಡಲು ಕೈ ಚಾಚುತ್ತಾನೆ. ಗದ್ದೆ ಬದುವಿನ ಮೇಲೆ ಓಡಾಡಿ ಬೆಳೆದವರ ಮುಂದೆ ಈ ದೃಶ್ಯ ಹಾಕಿ ನೋಡಿ, ಒಬ್ಬರೂ ಹೆದರಲ್ಲ. ಬೈತಾರೆ.

ಅತ್ತಿಗೆ ನರ್ಸು. ಈ ಸಿನಿಮಾದ ಹೆಸರುವಾಸಿ ದೃಶ್ಯ ಅಂದರೆ ನಾಯಕಿ ಎಲಿಜಬೆತ್ ಶಾ ಯಂತ್ರದೊಳಗೆ ಮಲಗಿ ತನ್ನ ಹೊಟ್ಟೆಗೆ ತಾನೇ ಆಪರೇಷನ್ ಮಾಡಿಸಿಕೊಳ್ಳುವುದು. ಆ ಯಂತ್ರ ಗಂಡಸರಿಗೆ ಮಾತ್ರ ಹೊಂದಿಸಿದ್ದು. ಹಾಗಾಗಿ ಅವಳು ಹೊಟ್ಟೆಯಲ್ಲಿ ಬೇಡದ ವಸ್ತು ಇದೆ ಅಂತ ಒತ್ತಿ ಅದನ್ನು ಒಪ್ಪಿಸುತ್ತಾಳೆ. ಅಲ್ಲಿವರೆಗೆ ಅತ್ತಿಗೆ ಚುರುಮುರಿ ಮುಟ್ಟದೆ ನೋಡುತ್ತಿದ್ದರು. ಯಂತ್ರ ಟಕ್ ಟಕ್ ಅಂತ ಪಿನ್ ಹೊಡೆದು ಹೊಟ್ಟೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಶಾ ಎದ್ದು ಓಡಿದಳು. ಅತ್ತಿಗೆ ನಕ್ಕುಬಿಟ್ಟರು. "ನಮ್ಮ ವಾರ್ಡಲ್ಲಿ ಮೂರನೇ ದಿನ ಬಾತ್‌ರೂಮಿಗೆ ಹೋಗೋಕೂ ಕೈ ಹಿಡ್ಕೋಬೇಕು. ಇವಳು ಓಡ್ತಾಳಲ್ಲೋ!" ಆದರೂ ಇಡೀ ಸಿನಿಮಾದಲ್ಲಿ ಬೆವರು ಬರಿಸಿದ್ದು ಅದೊಂದೇ ದೃಶ್ಯ ಅಂತ ಅವರೇ ಒಪ್ಪಿಕೊಂಡರು.

ಹೆಲ್ಮೆಟ್ ಬಿಚ್ಚುವ ದೃಶ್ಯಕ್ಕೆ ಎಲ್ಲರೂ ಸೇರಿ ಬೈದರು. ಪರಗ್ರಹದ ಗುಹೆ, ಗಾಳಿ ಉಸಿರಾಡಬಹುದು ಅಂತ ಯಂತ್ರ ಹೇಳುತ್ತದೆ, ಒಬ್ಬ ಹೆಲ್ಮೆಟ್ ತೆಗೆದೇಬಿಡುತ್ತಾನೆ. ಹಿಂದೆಯೇ ಉಳಿದವರೂ. 2012ರಲ್ಲಿ ಇದಕ್ಕೆ ಜನ ನಕ್ಕಿದ್ದರು. ಕೊರೊನಾ ಕಂಡು ಬಂದವರಿಗೆ ಈಗ ಸಿಟ್ಟೇ ಬರುತ್ತದೆ. ಮಜಾ ಏನು ಗೊತ್ತಾ? 1979ರ ಏಲಿಯನ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ದೃಶ್ಯ ಇದೆ. ಗಾಯಗೊಂಡ ಜೊತೆಗಾರನನ್ನು ಹೊತ್ತು ಬಂದು ಬಾಗಿಲು ತೆಗಿ ಅಂತಾರೆ. ಆ ಸಿನಿಮಾದ ನಾಯಕಿ ರಿಪ್ಲೀ ತೆಗೆಯಲ್ಲ. 24 ಗಂಟೆ ಕ್ವಾರಂಟೈನ್, ನಿಯಮ ಅಂದರೆ ನಿಯಮ. ಅವಳ ಮಾತು ಮೀರಿ ಬಾಗಿಲು ತೆಗೆಯುವವನು ಬೇರೊಬ್ಬ. ಒಬ್ಬರೇ ನಿರ್ದೇಶಕರು, ಎಂಥ ವ್ಯತ್ಯಾಸ ನೋಡಿ.

ಇನ್ನು ಹೊಗಳಿದವರು. ಪಕ್ಕದ ಮನೆ ಹುಡುಗಿ ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಅವಳಿಗೆ ಸಿನಿಮಾ ಪೂರ್ತಿ ಹಿಡಿಸಿತು. ಕಾರಣ ಡೇವಿಡ್, ಅಂದರೆ ಮೈಕಲ್ ಫಾಸ್‌ಬೆಂಡರ್ ಮಾಡಿರುವ ಯಂತ್ರಮಾನವ. ಎಲ್ಲರೂ ವರ್ಷಗಟ್ಟಲೆ ನಿದ್ದೆಯಲ್ಲಿರುವಾಗ ಅವನೊಬ್ಬನೇ ಹಡಗಿನಲ್ಲಿ ಓಡಾಡಿಕೊಂಡಿರುತ್ತಾನೆ. ಹಳೇ ಸಿನಿಮಾ ನೋಡಿ ನಾಯಕನ ಮಾತಿನ ಧಾಟಿ ಕಲಿಯುತ್ತಾನೆ, ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುತ್ತಾನೆ. ಸಂಸ್ಕೃತ, ಲ್ಯಾಟಿನ್, ಗ್ರೀಕ್‌ಗಳಿಗೆಲ್ಲ ಮೂಲ ಅಂತ ಭಾಷಾಶಾಸ್ತ್ರದವರು ಊಹಿಸಿ ಕಟ್ಟಿದ ಭಾಷೆಯನ್ನು ಕಂಠಪಾಠ ಮಾಡುತ್ತಾನೆ. ಒಂದು ಕಡೆ ಅವನು ಕೇಳುತ್ತಾನೆ, ನನ್ನನ್ನು ಯಾಕೆ ಮಾಡಿದಿರಿ ಅಂತ. ಮಾಡಲು ಆಗುತ್ತಿತ್ತು, ಮಾಡಿದೆವು ಅನ್ನುವ ಉತ್ತರ ಬರುತ್ತದೆ. ನಿಮ್ಮನ್ನು ಮಾಡಿದವರೂ ನಿಮಗೆ ಇದನ್ನೇ ಹೇಳಿದರೆ ಹೇಗಿರುತ್ತದೆ ಅಂತ ಅವನು ತಿರುಗಿ ಕೇಳುತ್ತಾನೆ. "ಅಂಕಲ್, ಆ ಒಂದು ಮಾತಿಗೆ ಹಾವು ಹೆಲ್ಮೆಟ್ ಎಲ್ಲ ಮಾಫ್" ಅಂದಳು. ನಾನೂ ಹೆಚ್ಚು ಕಡಿಮೆ ಅವಳ ಪಕ್ಷ.

ಹೊರಗಿನ ಲೋಕದಲ್ಲೂ ಹೀಗೇ ಎರಡು ಪಕ್ಷ ಇದ್ದವು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ಅದೇ ದೇಶದಲ್ಲಿ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಸಿಕ್ಕಿದ್ದು 'ಬಿ'. ಅಷ್ಟಾದರೂ ಸಿನಿಮಾ ಲೋಕದಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು. ಅಂದರೆ ಬೈದವರೂ ಟಿಕೆಟ್ ತಗೊಂಡೇ ಬೈದಿದ್ದು.

ದಾರಿ ಒಂದು: ಏಲಿಯನ್ ಮೊದಲು, ಆಮೇಲೆ ಪ್ರೊಮೀಥಿಯಸ್

ಬಹಳಷ್ಟು ಜನರಿಗೆ ನಾನು ಹೇಳುವುದು ಇದನ್ನೇ. ಕಾರಣ ಒಂದು ಕುರ್ಚಿ.

ಏಲಿಯನ್‌ನಲ್ಲಿ ಮೂವರು ಒಂದು ಪಾಳುಬಿದ್ದ ಪರಗ್ರಹದ ಹಡಗಿನೊಳಗೆ ಹೋಗುತ್ತಾರೆ. ಒಳಗೆ ದೊಡ್ಡ ಕುರ್ಚಿಯಲ್ಲಿ ಒಬ್ಬ ದೈತ್ಯ ಸತ್ತು ಕೂತಿದ್ದಾನೆ. ಕಲ್ಲಾಗಿ ಹೋಗಿದ್ದಾನೆ. ಎದೆಯ ಮೂಳೆ ಒಳಗಿನಿಂದ ಹೊರಕ್ಕೆ ಬಾಗಿದೆ. ಕ್ಯಾಮೆರಾ ದೂರ ನಿಂತು ನೋಡುತ್ತದೆ, ಮನುಷ್ಯರು ಇರುವೆಗಳ ಹಾಗೆ ಕಾಣುತ್ತಾರೆ. ಆ ಸೆಟ್ ಇನ್ನೂ ದೊಡ್ಡದಾಗಿ ಕಾಣಲಿ ಅಂತ ರಿಡ್ಲಿ ಸ್ಕಾಟ್ ತಮ್ಮ ಮಕ್ಕಳಿಗೇ ಪುಟ್ಟ ಅಂತರಿಕ್ಷ ಉಡುಪು ಹಾಕಿಸಿ ನಿಲ್ಲಿಸಿದ್ದರು. ಆ ದೈತ್ಯ ಯಾರು, ಎಲ್ಲಿಂದ ಬಂದ, ಸಿನಿಮಾ ಒಂದು ಮಾತೂ ಹೇಳುವುದಿಲ್ಲ. ಮುಂದಿನ ಮೂರು ಸಿನಿಮಾ ಮಾಡಿದವರೂ ಅದರ ತಂಟೆಗೆ ಹೋಗಲಿಲ್ಲ. ಪ್ರೊಮೀಥಿಯಸ್ ಹುಟ್ಟಿದ್ದೇ ಆ ಬಾಕಿ ಪ್ರಶ್ನೆಯಿಂದ.

ಈಗ ಯೋಚಿಸಿ. ಪ್ರೊಮೀಥಿಯಸ್ ಮೊದಲು ನೋಡಿದರೆ ಆ ಕುರ್ಚಿಯವನು ನಿಮಗೆ ಆಗಲೇ ಗೊತ್ತಿರುವವನು. ಏಲಿಯನ್ ನೋಡುವಾಗ ಆ ದೃಶ್ಯ ಸುಮ್ನೆ ಬಂದು ಹೋಗುತ್ತದೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೈಗೆ ಬಂದರೆ ಯಾವ ರುಚಿ ಉಳಿಯುತ್ತದೆ?

ಈ ದಾರಿಯ ತೊಂದರೆಯನ್ನೂ ಹೇಳಬೇಕು. ಏಲಿಯನ್ ನಿಧಾನ. ಮೊದಲ ಅರ್ಧ ಗಂಟೆ ಜನ ಎದ್ದು ಕಾಫಿ ಕುಡಿಯುತ್ತಾರೆ, ಸಂಬಳದ ಮಾತಾಡುತ್ತಾರೆ. ಇವತ್ತಿನ ವೇಗಕ್ಕೆ ಒಗ್ಗಿದವರು ಮೊಬೈಲ್ ತೆಗೆಯುವ ಅಪಾಯ ಇದೆ. ಆದರೆ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದ ನಮ್ಮ ಸೋದರಮಾವನಿಗೆ ಅದೇ ಅರ್ಧ ಗಂಟೆ ಬಲು ಇಷ್ಟ. ಇಂಜಿನ್ ರೂಮಿನ ಇಬ್ಬರು, ಬೋನಸ್‌ನಲ್ಲಿ ನಮಗೆ ಯಾಕೆ ಅರ್ಧ ಪಾಲು ಅಂತ ಊಟದ ಮೇಜಿನಲ್ಲಿ ತಕರಾರು ತೆಗೆಯುತ್ತಾರೆ. "ನೋಡೋ, ನಮ್ಮೋರೇ ಇವರು. ಎಲ್ಲಿಗೆ ಹೋದ್ರೂ ಗ್ರೀಸ್ ಕೈಯವರಿಗೆ ಕೊನೇ ಪಾಲು" ಅಂದರು ಮಾವ. ಪ್ರಾಣಿ ಬರುವ ಹೊತ್ತಿಗೆ ಆ ಏಳೂ ಜನ ನಮಗೆ ಪರಿಚಯ ಆಗಿರುತ್ತಾರೆ. ಪ್ರೊಮೀಥಿಯಸ್‌ನಲ್ಲಿ ಹದಿನೇಳು ಜನ. ಅರ್ಧದಷ್ಟು ಜನರ ಹೆಸರೂ ನೆನಪಿರಲ್ಲ.

ಇನ್ನೊಂದು ಎಚ್ಚರಿಕೆ. ಪ್ರೊಮೀಥಿಯಸ್ ಹಡಗಿನಲ್ಲಿ ಗಾಳಿಯಲ್ಲಿ ಮೂಡುವ ಚಿತ್ರಗಳು, ಮುಟ್ಟಿದರೆ ತಿರುಗುವ ನಕ್ಷೆಗಳು. ಕತೆಯಲ್ಲಿ 29 ವರ್ಷ ಮುಂದೆ ನಡೆಯುವ ಏಲಿಯನ್‌ನಲ್ಲಿ ಹಸಿರು ಅಕ್ಷರದ ಹಳೇ ಡಬ್ಬಾ ಪರದೆಗಳು. ಇದು ಅನೇಕರಿಗೆ ಕಿರಿಕಿರಿ. ಇದಕ್ಕೂ ಮಾವನ ಹತ್ತಿರ ಉತ್ತರ ಇತ್ತು. ಪ್ರೊಮೀಥಿಯಸ್ ಕೋಟ್ಯಧಿಪತಿಯ ಸ್ವಂತ ಹಡಗು. ಏಲಿಯನ್‌ನ ನಾಸ್ಟ್ರೋಮೋ 2 ಕೋಟಿ ಟನ್ ಅದಿರು ಎಳೆಯುವ ಸರಕು ಹಡಗು. ನಮ್ಮ ರೈಲ್ವೆ ಮ್ಯೂಸಿಯಂನಲ್ಲಿರುವ ಮಹಾರಾಣಿ ಸಲೂನಿನ ಒಳಗನ್ನೂ ಇವತ್ತಿನ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟು ನೋಡು, ಯಾವುದು ಹೊಸದು ಅನ್ಸುತ್ತೆ ಅಂದರು. ನನಗೆ ಆ ಲೆಕ್ಕ ಸಾಕು.

ದಾರಿ ಎರಡು: ಪ್ರೊಮೀಥಿಯಸ್ ಒಂದನ್ನೇ ನೋಡುವುದು

ಹೆದರಿಸುವ ಸಿನಿಮಾ ಇಷ್ಟವಿಲ್ಲ, ಅಂತರಿಕ್ಷದ ಕತೆ ಇಷ್ಟ ಅನ್ನುವವರಿಗೆ ಇದು ಸರಿ. ಹಳೇ ಸಿನಿಮಾದ ಹಂಗಿಲ್ಲದೆ ನೋಡಿದವರು ಪ್ರೊಮೀಥಿಯಸ್ ಬಗ್ಗೆ ಹೆಚ್ಚು ಮೆತ್ತಗಿರುವುದನ್ನು ಕಂಡಿದ್ದೇನೆ. ಅವರ ತಲೆಯಲ್ಲಿ ಹೋಲಿಸಲು ರಿಪ್ಲೀ ಇರುವುದಿಲ್ಲ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ತುದಿಯಲ್ಲಿ ನಿಂತ ಬೆಳ್ಳನೆಯ ದೈತ್ಯ, ಅವನು ಕುಡಿಯುವ ಕಪ್ಪು ದ್ರವ, ಆ ಮೊದಲ ದೃಶ್ಯವೊಂದಕ್ಕೇ ಸಿನಿಮಾ ನೋಡಬಹುದು. ಆಸ್ಕರ್‌ನಲ್ಲಿ ದೃಶ್ಯ ಪರಿಣಾಮಕ್ಕೆ ನಾಮನಿರ್ದೇಶನ ಆಗಿತ್ತು, 'ಲೈಫ್ ಆಫ್ ಪೈ' ಗೆದ್ದಿತು.

ಕಳೆದುಕೊಳ್ಳುವುದು ಏನು? ಕೊನೆಯ ಕೆಲವು ನಿಮಿಷ ನಿಮಗೆ ಅರ್ಥವಾಗದೆ ಹೋಗಬಹುದು. ಮತ್ತೆ ಉತ್ತರಕ್ಕಾಗಿ ಕಾದವರಿಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಮನುಷ್ಯರನ್ನು ಮಾಡಿದವರೇ ಅವರನ್ನು ಅಳಿಸಲು ಹೊರಟಿದ್ದು ಯಾಕೆ ಅನ್ನುವುದನ್ನು ಸಿನಿಮಾ ತೆರೆದೇ ಬಿಡುತ್ತದೆ. ಕತೆ ಮುಗಿದ ಮೇಲೂ ಮಾತಾಡಿಕೊಂಡು ಕೂರುವ ಅಭ್ಯಾಸ ಇದ್ದವರಿಗೆ ಅದು ಹಬ್ಬ. ಲೆಕ್ಕ ಚುಕ್ತಾ ಆಗಲೇಬೇಕು ಅನ್ನುವವರಿಗೆ ಮೋಸ ಹೋದ ಹಾಗೆ.

ದಾರಿ ಮೂರು: ಪ್ರೀಕ್ವೆಲ್ ಬಿಟ್ಟು ಏಲಿಯನ್, ಏಲಿಯನ್ಸ್

ನಕ್ಷೆ ಮಾಡಿದವನು ದಾರಿ ತಪ್ಪುವುದನ್ನು ಸಹಿಸಲಾಗದ ನಮ್ಮ ಭಾಮೈದನಂಥವರಿಗೆ ಇದೇ ದಾರಿ. ಜೇಮ್ಸ್ ಕ್ಯಾಮರೂನ್ 1986ರಲ್ಲಿ ಮಾಡಿದ 'ಏಲಿಯನ್ಸ್' 137 ನಿಮಿಷ. ಬಂದೂಕು, ಸೈನಿಕರು, ಓಟ. ಭಯಕ್ಕಿಂತ ಹೊಡೆದಾಟ ಜಾಸ್ತಿ. ಸಿಗೋರ್ನಿ ವೀವರ್‌ಗೆ ಇದರ ರಿಪ್ಲೀ ಪಾತ್ರಕ್ಕೆ ಅತ್ಯುತ್ತಮ ನಟಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಇಂಥ ಸಿನಿಮಾಕ್ಕೆ ಅದು ಸಣ್ಣ ಮಾತಲ್ಲ. ಈ ಎರಡರಲ್ಲೇ ಕತೆಗೆ ಒಂದು ಗಟ್ಟಿ ಮುಕ್ತಾಯ ಇದೆ. ಕಾಲೇಜು ಹುಡುಗರ ಗುಂಪಿಗೆ, ಹಾಸ್ಟೆಲ್ ರೂಮಿಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ.

ಇಸವಿ ಪ್ರಕಾರ ನೋಡುವ ದಾರಿ

ಪ್ರೊಮೀಥಿಯಸ್, ಕವನೆಂಟ್, ಅರ್ತ್, ಏಲಿಯನ್ ಅಂತ ಸಾಲಾಗಿ ನೋಡುವುದು. ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಿದವರು ಎರಡನೇ ಸಲಕ್ಕೆ ಹೀಗೆ ಮಾಡಲಿ. ಹೊಸಬರಿಗೆ ಬೇಡ. ಕುರ್ಚಿಯ ವಿಷಯ ಆಗಲೇ ಹೇಳಿದೆ. ಇನ್ನೊಂದು ಕಾರಣ, ಈ ಸಾಲು ಹೊರಗಿಂದ ಕಾಣುವಷ್ಟು ಒಂದಕ್ಕೊಂದು ಬೆಸೆದಿಲ್ಲ. 'ಅರ್ತ್' ಸರಣಿ ಮಾಡಿದ ನೋವಾ ಹಾಲಿ ಪ್ರೊಮೀಥಿಯಸ್‌ನ ಹಿನ್ನೆಲೆಯನ್ನು ಬದಿಗಿಟ್ಟು 1979ರ ಸಿನಿಮಾದ ಲೋಕವನ್ನೇ ಹಿಡಿದರು. ಎಂಟು ಕಂತು, ನಮ್ಮಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ ಬಂತು. ಅದನ್ನು ನೋಡಲು ಏಲಿಯನ್ ಒಂದು ಗೊತ್ತಿದ್ದರೆ ಸಾಕು.

2017ರ ಕವನೆಂಟ್ ಬಗ್ಗೆ ನನ್ನ ಮಾತು ಚಿಕ್ಕದು. ಡೇವಿಡ್ ಇಷ್ಟವಾದರೆ ನೋಡಿ, ಇಲ್ಲದಿದ್ದರೆ ಬಿಡಿ. ಫಾಸ್‌ಬೆಂಡರ್ ಇದರಲ್ಲಿ ಡೇವಿಡ್ ಮತ್ತು ವಾಲ್ಟರ್ ಅಂತ ಎರಡು ಯಂತ್ರಮಾನವರಾಗಿ ಬರುತ್ತಾರೆ. ಇಬ್ಬರೂ ಒಂದು ಕೊಳಲು ಹಿಡಿದು ಕೂತ ದೃಶ್ಯ ಇದೆ, ಅದು ಚೆನ್ನಾಗಿದೆ. ಆದರೆ ಶಾ ಕತೆ ಮುಂದುವರಿಯುತ್ತದೆ ಅಂತ ಕಾದವರಿಗೆ ನಿರಾಸೆ. ಹೆಲ್ಮೆಟ್ ವಿಷಯದಲ್ಲಿ ಇವರು ಪ್ರೊಮೀಥಿಯಸ್‌ನವರಿಗಿಂತ ಒಂದು ಹೆಜ್ಜೆ ಮುಂದೆ, ಹಾಕಿಕೊಳ್ಳದೆಯೇ ಇಳಿದುಬಿಡುತ್ತಾರೆ!

ದುಡ್ಡು, ಪರದೆ, ಜೊತೆಗಾರರು

ಈ ಸಿನಿಮಾಗಳು ಒಂದು ಆ್ಯಪಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಹಾಗಾಗಿ ವರ್ಷದ ಚಂದಾ ಕಟ್ಟುವ ಮೊದಲು ನಿಮಗೆ ಬೇಕಾದ ಎರಡೂ ಒಂದೇ ಕಡೆ ಇವೆಯಾ ಅಂತ ಹುಡುಕಿ ನೋಡಿ. ಒಂದೇ ಸಿನಿಮಾ ಬೇಕಿದ್ದರೆ ಬಾಡಿಗೆಗೆ ಸಿಗುತ್ತದಾ ನೋಡಿ, ಕಡಿಮೆಯಲ್ಲಿ ಮುಗಿಯುತ್ತದೆ.

ಮೊಬೈಲಿನಲ್ಲಿ ನೋಡಬೇಕಾದ ಪರಿಸ್ಥಿತಿ ಇದ್ದರೆ ಏಲಿಯನ್ಸ್ ಪರವಾಗಿಲ್ಲ. ಪ್ರೊಮೀಥಿಯಸ್ ಬೇಡ. ಅದರ ಅರ್ಧ ಬೆಲೆ ಇರುವುದೇ ದೊಡ್ಡ ಚಿತ್ರದಲ್ಲಿ. ಅದನ್ನು 3ಡಿ ಕ್ಯಾಮೆರಾದಲ್ಲೇ ತೆಗೆದಿದ್ದು. ಏಲಿಯನ್‌ಗೆ ಪರದೆಗಿಂತ ಕತ್ತಲೆ ಮತ್ತು ಸದ್ದು ಮುಖ್ಯ. ಟ್ಯೂಬ್‌ಲೈಟ್ ಆರಿಸಿ, ಫ್ಯಾನಿನ ಸದ್ದು ಜಾಸ್ತಿ ಇದ್ದರೆ ಹೆಡ್‌ಫೋನ್ ಹಾಕಿ. ಹಡಗಿನಲ್ಲಿ ನೀರು ತೊಟ್ಟಿಕ್ಕುವುದು, ಸರಪಳಿ ಅಲ್ಲಾಡುವುದು ಕೇಳಿಸದಿದ್ದರೆ ಆ ದೃಶ್ಯದಲ್ಲಿ ಏನೂ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಒಬ್ಬೊಬ್ಬರ ಉಚ್ಚಾರಣೆ ಒಂದೊಂದು ಥರ.

ರಾತ್ರಿ ಒಂದೇ ಸಿನಿಮಾ ನೋಡಿ. ಏಲಿಯನ್ ಒಂದು ವಾರ, ಪ್ರೊಮೀಥಿಯಸ್ ಮುಂದಿನ ವಾರ. ನಡುವೆ ಆ ಕುರ್ಚಿಯವನ ಬಗ್ಗೆ ನಿಮ್ಮ ತಲೆಯಲ್ಲೇ ಒಂದು ಕತೆ ಕಟ್ಟಿಕೊಳ್ಳಲು ಸಮಯ ಇರಬೇಕು. ರಿಡ್ಲಿ ಸ್ಕಾಟ್ ಕೊಟ್ಟ ಉತ್ತರಕ್ಕಿಂತ ಅದೇ ಚೆನ್ನಾಗಿದ್ದರೂ ಇರಬಹುದು.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದು, ಎಲ್ಲರೂ ಕೂತು ನೋಡುವ ಪ್ರೀಕ್ವೆಲ್ ಬೇಕು ಅಂದರೆ ಈ ಸರಣಿಯನ್ನೇ ಬಿಟ್ಟುಬಿಡಿ. 2011ರ 'ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್' ಇದೆ. 105 ನಿಮಿಷ, ಸೀಸರ್ ಅನ್ನುವ ಚಿಂಪಾಂಜಿಯಾಗಿ ಆಂಡಿ ಸರ್ಕಿಸ್. ಹಿಂಸೆ ಇದೆ, ಆದರೆ ಹೊಟ್ಟೆ ಸೀಳುವುದಿಲ್ಲ. 1968ರ ಮೂಲ ಸಿನಿಮಾ ನೋಡಿರದಿದ್ದರೂ ಎಲ್ಲೂ ತಡವರಿಸುವುದಿಲ್ಲ.